ಶೀನಣ್ಣ ಕಿವಿಗೊಟ್ಟ ಡ್ರಿಲ್

ಚಹಾ ಆರುವುದರೊಳಗೆ ಓದಿ ಮುಗಿಸಬಹುದು... ಓದಿಬಿಡಿ.

ಕರಾವಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಭಾ ಎಂಬ ಸಂಶೋಧಕಿ ಇದ್ದಳು.

ಗುರುಗ್ರಹದ ಒಂದು ಚಂದ್ರನ ಮೈತುಂಬ ಬರೀ ಮಂಜುಗಡ್ಡೆ... ಅದರಡಿ ಸಮುದ್ರವೇ ಇದೆಯಂತೆ. ಆ ಗಡ್ಡೆಯನ್ನು ತಾನೇ ಕೊರೆದುಕೊಂಡು ಇಳಿಯುವ ರೋಬೋಟ್ ಡ್ರಿಲ್ ಒಂದನ್ನು ಅವಳು ಮೂರು ವರ್ಷದಿಂದ ಕಟ್ಟುತ್ತಿದ್ದಳು.

ಆದರೆ ಎರಡಡಿ ಇಳಿಯುವಷ್ಟರಲ್ಲಿ ಡ್ರಿಲ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೊರೆದ ಪುಡಿ ಬಿಸಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ, ಡ್ರಿಲ್ಲನ್ನೇ ಕಚ್ಚಿ ಹಿಡಿಯುತ್ತಿತ್ತು.

ಒತ್ತಡ ಅಳೆಯುವ ಸೆನ್ಸರ್ ಆ ಚಳಿಗೆ ಮರಗಟ್ಟಿ, ಎಲ್ಲ ಮುಗಿದ ಮೇಲೆ ಸುದ್ದಿ ಕೊಡುತ್ತಿತ್ತು...

ಶನಿವಾರ ಕೊನೆಯ ಪರೀಕ್ಷೆ. ಅಂದು ಹತ್ತಡಿ ಇಳಿಯದಿದ್ದರೆ ಪ್ರಾಜೆಕ್ಟ್ ಬಂದ್ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಲ್ಯಾಬಿಗೆ ಐಸ್ ಬರುತ್ತಿದ್ದದ್ದು ಮೀನಿನ ಬಂದರಿನ ಐಸ್ ಪ್ಲಾಂಟಿನಿಂದ. ಟೆಂಪೋದಲ್ಲಿ ತಂದು ಇಳಿಸುವವರು ಶೀನಣ್ಣ. ಅರವತ್ತು ದಾಟಿದವರು, ಬಾಯಲ್ಲಿ ಸದಾ ವೀಳ್ಯ.

ಐಸ್ ಇಳಿಸಿದ ಮೇಲೂ ಹೋಗುವ ಆಸಾಮಿಯಲ್ಲ. ಡ್ರಿಲ್ ಶುರುವಾದರೆ ಸಾಕು, ಅದರ ಕಂಬಕ್ಕೆ ಕಿವಿ ಒತ್ತಿ ನಿಂತುಬಿಡುವರು.

ಗುರುವಾರ ಡ್ರಿಲ್ ತಿರುಗುತ್ತಿದ್ದಾಗ ಶೀನಣ್ಣ ಇದ್ದಕ್ಕಿದ್ದಂತೆ, ತೆಗೀರಿ, ಹಿಂದೆ ತೆಗೀರಿ ಎಂದರು. ಯಾರೂ ಕೇಳಲಿಲ್ಲ. ಮರುಕ್ಷಣ ಡ್ರಿಲ್ ಸಿಕ್ಕಿಕೊಂಡಿತು.

ವಿಭಾಗೆ ರೇಗಿಹೋಯಿತು. ನಿಮ್ಮ ಕೆಲಸ ಐಸ್ ಇಳಿಸುವುದು, ಅಷ್ಟು ಮಾಡಿದರೆ ಸಾಕು ಎಂದು ಎಲ್ಲರೆದುರೇ ಅಂದುಬಿಟ್ಟಳು.

ಶೀನಣ್ಣ ಟೆಂಪೋದಲ್ಲಿ ಉಳಿದಿದ್ದ ಐಸ್ ಗಡ್ಡೆ ಎತ್ತಲು ಹೋದರು.

ಸ್ವಲ್ಪ ಹೊತ್ತಿಗೆ ಅವಳಿಗೆ ಕಂಡಿತು... ಬಿಳಿ ಗಡ್ಡೆಯ ಮೇಲೆ ರಕ್ತ.

ಶೀನಣ್ಣನ ಹೆಬ್ಬೆರಳು ಕುಯ್ದು ಹೋಗಿತ್ತು. ಅವರು ಮಾತ್ರ ಏನೂ ಆಗದವರಂತೆ ಮುಂದಿನ ಗಡ್ಡೆಗೆ ಕೈ ಹಾಕುತ್ತಿದ್ದರು.

ಅವಳು ಓಡಿ ಹೋಗಿ ಆ ಕೈ ಹಿಡಿದುಕೊಂಡಳು. ನೋವು ಗೊತ್ತಾಗುವುದಿಲ್ಲವೇ ಎಂದು ಕೇಳಿದಳು.

"ಬೆರಳಿಗೆ ಎಂತದೂ ಗೊತ್ತಾಗುದಿಲ್ಲ ಮೇಡಮ್, ಹತ್ತು ವರ್ಷ ಆಯ್ತು. ಮೂವತ್ತೆಂಟು ವರ್ಷ ಐಸ್ ಹಿಡಿದ ಕೈ ಅಲ್ವಾ... ಈಗ ಕೆಲಸ ಎಲ್ಲ ಕಿವಿಯಲ್ಲೇ. ಐಸ್ ಒಡೆಯುವ ಹಾರೆ ಸಿಕ್ಕಿಕೊಳ್ಳುವ ಮೊದಲು ಐಸಿನ ಸ್ವರ ಬದಲಾಗ್ತದೆ. ಆವಾಗ್ಲೇ ಹಿಂದೆ ತೆಗೀಬೇಕು. ನಿಮ್ಮ ಮಿಷಿನಿಗೂ ನನ್ನದೇ ಕತೆ ಅಂತ ಕಾಣ್ತದೆ."

ವಿಭಾ ಆ ಬೆರಳಿಗೆ ಬ್ಯಾಂಡೇಜ್ ಸುತ್ತುತ್ತಾ ಅತ್ತುಬಿಟ್ಟಳು. ತಪ್ಪಾಯ್ತು ಶೀನಣ್ಣ ಎಂದಳು. ಅವರು, ಅಯ್ಯೋ ಬಿಡಿ ಮಾರಾಯ್ರೆ ಎಂದು ನಕ್ಕರು.

ಅಂದೇ ಡ್ರಿಲ್ಲಿಗೆ ಒಂದು ಮೈಕ್ ಕೂರಿಸಿದರು. ಶೀನಣ್ಣ ಕಂಬಕ್ಕೆ ಕಿವಿಯಿಟ್ಟು 'ಈಗ' ಅಂದಾಗಲೆಲ್ಲ ವಿಭಾ ಒಂದು ಬಟನ್ ಒತ್ತುವಳು. ಯಾವ ಸದ್ದಿಗೆ ಹಿಂದೆ ಸರಿಯಬೇಕು ಎಂದು ಯಂತ್ರ ಹಾಗೆ ಕಲಿಯಿತು. ಯಂತ್ರದ ಈ ಹೊಸ ಗುರುಗಳದ್ದು ಒಂದೇ ಷರತ್ತು, ಗಂಟೆಗೊಮ್ಮೆ ಚಹಾ!

ಶನಿವಾರ...

ಡ್ರಿಲ್ ಇಳಿಯಿತು. ಸದ್ದು ಬದಲಾಯಿತು. ಯಾರೂ ಮುಟ್ಟಲಿಲ್ಲ... ಅದು ತಾನಾಗಿಯೇ ಹಿಂದೆ ಸರಿದು, ಪುಡಿ ಕೊಡವಿ, ಮತ್ತೆ ಇಳಿಯಿತು. ಹೀಗೆ ಏಳು ಸಲ. ಎಂಟನೆಯ ಸಲ ಹತ್ತಡಿ ಮುಟ್ಟಿತು. ಪ್ರಾಜೆಕ್ಟ್ ಉಳಿಯಿತು.

ವರದಿಯಲ್ಲಿ ವಿಭಾ ತನ್ನ ಹೆಸರಿನ ಮೇಲೆ ಇನ್ನೊಂದು ಹೆಸರು ಬರೆದಳು. 'ಯಂತ್ರಕ್ಕೆ ಕೇಳಲು ಕಲಿಸಿದವರು: ಶೀನ ಕೋಟ್ಯಾನ್, ಐಸ್ ಪ್ಲಾಂಟ್.'

ಶೀನಣ್ಣ ಅದನ್ನು ಎರಡು ಸಲ ಓದಿದರು. ಕಣ್ಣೊರೆಸಿಕೊಂಡರು.

"ನನ್ನ ಕೈ ಸತ್ತು ಹೋಯ್ತು ಅಂತ ಹೆಂಡತಿ ದಿನಾ ಕಣ್ಣೀರು ಹಾಕ್ತಾಳೆ ಮಗಾ... ಇವತ್ತು ಹೋಗಿ ಹೇಳ್ತೇನೆ. ಅಳಬೇಡ ಮಾರಾಯ್ತಿ, ನನ್ನ ಕಿವಿ ಚಂದ್ರಲೋಕಕ್ಕೆ ಹೊರಟಿದೆ ಅಂತ."

ಒಂದನ್ನು ಕಳೆದುಕೊಂಡು ದುಡಿದವರು, ನಮಗೆ ಗೊತ್ತಿಲ್ಲದ ಇನ್ನೊಂದನ್ನು ಕಲಿತಿರುತ್ತಾರೆ.

ನಿಮ್ಮ ಮನೆಗೆ, ಆಫೀಸಿಗೆ ದಿನವೂ ಬಂದುಹೋಗುವ ಅಂಥವರ ಮಾತನ್ನು ನೀವು ಕೂತು ಕೇಳಿದ್ದು ಯಾವಾಗ?