ಹಾರ ಹಾಕಿದ ಸಿಪಾಯಿ

ಯುದ್ಧಕಾಲದಲ್ಲಿ ಸೈನ್ಯಕ್ಕೆ ಜನ ಸೇರಲೆಂದು ಬ್ರಿಟಿಷರು ಸಾವಿರಗಟ್ಟಲೆ ಅಚ್ಚು ಹಾಕಿಸಿದ್ದ ಪೋಸ್ಟ್‌ಕಾರ್ಡುಗಳನ್ನು ಆತ ಊರೂರು ಅಲೆದು ಸಂಗ್ರಹಿಸುತ್ತಿದ್ದ. ಪುಟ್ಟತಾಯಮ್ಮನ ಮನೆಯ ಗೋಡೆಯ ಮೇಲೇ ಒಂದು ಕಂಡಿತು. ಮೀಸೆ ತಿರುವಿ ನಗುವ ಸಿಪಾಯಿ. ಮೇಲೆ ಗಾಜು, ಗಂಧದ ಬೊಟ್ಟು, ಹಾರ.

“ಇದನ್ನ ನಂಗೆ ಕೊಡ್ತೀರಾ ಅಮ್ಮಾ?”

“ಅಯ್ಯೋ, ನಮ್ಮ ಮಾವನೋರು ಕಣಪ್ಪಾ! ನಾನು ಮದ್ವೆಯಾಗಿ ಬರೋಕೆ ಮುಂಚೇನೇ ತೀರ್ಕೊಂಡ್ರು. ಪಿತೃಪಕ್ಷಕ್ಕೆ ಇವ್ರ ಮುಂದೇನೇ ಬಾಡೂಟದ ಎಡೆ ಇಡೋದು.”

ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಸೂಚ್ಯವಾಗಿ ಹೇಳಿದ: “ಪಿರಿಯಾಪಟ್ಟಣದಲ್ಲಿ ಒಂದು ಮನೇಲೂ ಇದೇ ಫೋಟೊಗೆ ಹಾರ ಹಾಕಿದ್ರು, ಅಮ್ಮಾ.”

ಪುಟ್ಟತಾಯಮ್ಮನ ಮುಖ ಬಿಳುಚಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ ಕೇಳಿದಳು:

“ಅವ್ರೇನಾದ್ರೂ ಆಸ್ತೀಲಿ ಪಾಲು ಗೀಲು ಅಂದ್ರಾ?”