ಹೆಸರು ಬದಲಿಸಲು ಹೊರಟ ಗಜರಾಜ

ಗದಗ ಬಸ್ ಸ್ಟ್ಯಾಂಡಿನ ಎದುರು, ಬಾರಿನ ಮುಂದೆ ರಟ್ಟಿನ ಬಾಕ್ಸುಗಳು ಇಳಿಯುತ್ತಿದ್ದವು...

ಒಂದೊಂದರ ಮೇಲೂ ಸೊಂಡಿಲೆತ್ತಿದ ಆನೆ. ಕೆಳಗೆ ದಪ್ಪ ಕೆಂಪು ಅಕ್ಷರ... 'ಗಜರಾಜ ಸ್ಟ್ರಾಂಗ್ ಬಿಯರ್'.

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್‌ಗೆ ಮೈ ಉರಿದು ಹೋಯಿತು. ಅವನ ಎದೆಯ ಬ್ಯಾಡ್ಜಿನಲ್ಲಿ ಇದ್ದದ್ದೂ ಅದೇ... ಗಜರಾಜ.

ಮರುದಿನದಿಂದ ಶುರುವಾಯಿತು ನೋಡಿ.

"ಕಂಡಕ್ಟರ್ ಸಾಹೇಬ್ರ, ಇವತ್ತ ತಂಪಗ ಅದೀರೋ, ಬೆಚ್ಚಗೋ?"

"ಲೇ, ಹುಷಾರಲೇ! ಮುಚ್ಚಳ ತಗದ್ರ ನೊರಿ ಉಕ್ಕತೈತಿ!"

ಇಡೀ ಬಸ್ಸು ನಕ್ಕಿತು. ಟಿಕೆಟ್ ತಗೊಳ್ಳೋಕೆ ಚಿಲ್ಲರೆ ಇರಲ್ಲ, ಒಬ್ಬನ ಹೆಸರು ಹಿಡಿದು ಆಡಿಕೊಳ್ಳೋಕೆ ಮಾತ್ರ ಬಾಯಿ ಇರುತ್ತೆ... ಅಂಥ ಜನ!

ಒಂದು ತಿಂಗಳು ಹಲ್ಲು ಕಚ್ಚಿ ಸಹಿಸಿದ. ಆಮೇಲೆ ಒಬ್ಬನ ಕಾಲರ್ ಹಿಡಿದ. ಕೆಲಸಕ್ಕೇ ಕುತ್ತು ಬಂತು...

ಸಾಕು ಅನ್ನಿಸಿತು. ವಕೀಲರ ಹತ್ತಿರ ಹೋಗಿ ಅಫಿಡವಿಟ್ ಬರೆಸಿದ. ಹೊಸ ಹೆಸರು ಗಿರೀಶ. ಸಹಿ ಒಂದು ಬಾಕಿ.

ಅವ್ವ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದಳು... "ಹೆಸರಿಟ್ಟಾಕಿ ನಿಮ್ಮತ್ತಿ. ಆಕೀಗೆ ಹೇಳಿ ಮಾಡು."

ಆ ಕಡೆ ತೊಟ್ಟಿಲಿಗೆ ಹಾಕುವಾಗ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆಕೆ ಪಿಸುಗುಟ್ಟಿದ ಕೂಡಲೇ ಉಳಿದ ಹೆಂಗಸರು ನಗುತ್ತಾ ಆಕೆಯ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ.

ಗಜರಾಜ ಅತ್ತೆಯ ಮನೆಗೆ ಹೋದ. ನಿಂಬೆವ್ವತ್ತೆ ಶೇಂಗಾ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ.

"ನಗತಾರಂತೇನು? ಅವತ್ತೂ ನಕ್ಕಿದ್ರಪಾ..."

"ಯಾವತ್ತ?"

"ನೀ ಏಳ್ ತಿಂಗಳಿಗೇ ಹುಟ್ಟಿದಿ. ಮೂರನೇ ದಿನ ನರ್ಸಬಾಯಿ ಕೈ ಚೆಲ್ಲಿಬಿಟ್ಲು. ಹೆಸರಿಲ್ಲದ ಕೂಸು ಹೋಗಬಾರ್ದಂತ, ಮೊರದಾಗ ಮಲಗಿಸಿ ಶಾಸ್ತ್ರ ಮಾಡಿದ್ವಿ. ನಾ ಗಜರಾಜ ಅಂದೆ. 'ಇಲಿಮರಿಯಂಥ ಕೂಸಿಗೆ ಆನಿ ಹೆಸರೇನ ಹುಚ್ಚಿ' ಅಂತ ಅಳ್ಕೋತ ನಕ್ರು. ಬೆನ್ನಿಗೆ ಗುದ್ದಾಕ ಯಾರಿಗೂ ಕೈ ಬರ್ಲಿಲ್ಲ..."

ಗಜರಾಜ ತಲೆ ತಗ್ಗಿಸಿದ.

"ನಿನ್ನ ಕಿವ್ಯಾಗ ಮೆಲ್ಲಕ ಹೇಳ್ದೆ. ನೀ ಮಿಸುಕಲಿಲ್ಲ. ಇನ್ನೊಮ್ಮಿ ಹೇಳ್ದೆ. ಇಲ್ಲ. ನನಗ ಸಿಟ್ ಬಂತು ನೋಡು... ಓಣಿಗೆಲ್ಲಾ ಕೇಳೂವಂಗ ಒದರಿದೆ, 'ಗಜರಾಜಾ!' ಅಂತ. ನೀ ಬೆಚ್ಚಿಬಿದ್ದು ಕಿರ್ರಂತ ಅಳಾಕ ಹತ್ತಿದಿ. ಆಮ್ಯಾಲೆ ಗುದ್ದಿದ್ರಪಾ ನನ್ನ ಬೆನ್ನಿಗೆ! ವಾರಗಟ್ಲೆ ಬಾವು ಇಳೀಲಿಲ್ಲ!"

ಆಕೆ ನಗುತ್ತಲೇ ಸೆರಗಿಗೆ ಕೈ ಒರೆಸಿಕೊಂಡಳು.

"ಬಾಟ್ಲಿಗೆ ಹೆಸರಿಟ್ಟವ ಮಾರಾಕ ಇಟ್ಟಾನ... ನಾ, ನೀ ಉಳೀಲಿ ಅಂತ ಇಟ್ಟೆ. ಉಳದಿ. ನನ್ನ ಕೆಲಸ ಮುಗೀತು. ಹೊಸಾ ಹೆಸರೂ ನಾನೇ ಹೇಳಬೇಕಲ್ಲ? ಬಾ, ಕಿವಿ ತಾ. ಏನಂತ ಹೇಳ್ಲಿ?"

ಆರಡಿ ಆಳು ಆಕೆಯ ಮಡಿಲಿಗೆ ಬಗ್ಗಿದ.

"ಮೊದಲಿನ ಹೆಸರ ಹೇಳು, ಅತ್ತಿ..." ಅಂದ. "ಜೋರ್ ಹೇಳು. ಬಸ್ ಸ್ಟ್ಯಾಂಡ್ ತನಕಾ ಕೇಳ್ಲಿ!"

.

ನಿಮ್ಮ ಹೆಸರನ್ನು ಯಾರು ಬೇಕಾದರೂ ಬಾಟಲಿಗೆ ಅಂಟಿಸಲಿ... ಅದನ್ನು ಕೂಗಿ ನಿಮ್ಮನ್ನು ಬದುಕಿಸಿದವರ ಮುಂದೆ ನಗುವವರು ಯಾವ ಲೆಕ್ಕ?

ನಿಮ್ಮ ಕಿವಿಯಲ್ಲಿ ಮೊದಲ ಸಲ ನಿಮ್ಮ ಹೆಸರು ಹೇಳಿದವರು ಯಾರು... ಯಾವತ್ತಾದರೂ ಕೇಳಿದ್ದೀರಾ?