ಸಣ್ಣ ತಂಡಗಳ ದೊಡ್ಡ ಅಭಿಮಾನಿ

ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದ ಗುರುಸಿದ್ದಪ್ಪನವರಿಗೆ ಒಂದು ವಿಚಿತ್ರ ಹುಚ್ಚು...

ಎಲ್ಲರೂ ಟಿವಿಯಲ್ಲಿ ದೊಡ್ಡ ಆಟಗಾರರನ್ನು ನೋಡುತ್ತಿದ್ದರೆ, ಇವರು ಅಂಡರ್-16, ಅಂಡರ್-19, ಅಂಡರ್-23 ಹುಡುಗರ ಮ್ಯಾಚ್ ಹುಡುಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದರು.

ಯಾರ ಬ್ಯಾಟಿಂಗ್ ಸುಧಾರಿಸಿದೆ, ಯಾರಿಗೆ ಭುಜದ ನೋವು, ಮುಂದೆ ರಾಜ್ಯ ತಂಡಕ್ಕೆ ಯಾರು ಬರಬಹುದು... ಎಲ್ಲವೂ ಬಾಯಲ್ಲೇ ಇರುತ್ತಿತ್ತು.

"ಗುರುಸಿದ್ದಪ್ಪನವ್ರ, ಎಲ್ಲಾರೂ ಹಣ್ಣು ತಿಂತಾರ... ನೀವು ಬರೇ ಹೂವಾ ಎಣಸ್ಕೋತ ಕುಂತೀರಲ್ರಿ!" ಎಂದು ಪಕ್ಕದ ಅಂಗಡಿಯವರು ಚೇಷ್ಟೆ ಮಾಡುತ್ತಿದ್ದರು.

ಇವರೂ ನಕ್ಕುಬಿಡುತ್ತಿದ್ದರು.

ಆ ಭಾನುವಾರ ಮಾತ್ರ ಮನೆಯಲ್ಲಿ ನಗುವಿರಲಿಲ್ಲ. ಸಂಜೆ ಮಗಳು ತೇಜಸ್ವಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಅವಳು ಸಿ.ಎ. ಪರೀಕ್ಷೆಯಲ್ಲಿ ಎರಡನೇ ಸಲವೂ ಫೇಲಾಗಿದ್ದಳು. ಇನ್ನು ಓದು ಸಾಕು ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು.

"ಅಪ್ಪಾ, ಇನ್ನೊಂದ್ ಸಲ ಬರೀತೀನಿ..." ತಿಂಡಿಯ ತಟ್ಟೆಯ ಮುಂದೆ ಕೂತು ಅವಳು ಮೆಲ್ಲಗೆ ಕೇಳಿದಳು.

"ಫೇಲ್ ಅಂದ್ರ ಫೇಲ್. ಎಷ್ಟ್ ಸಲ ನೋಡೂದು? ಸಂಜೀಗೆ ಛಲೋ ಸೀರಿ ಉಟ್ಕೊಂಡು ತಯಾರಾಗು."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿದರು.

"ಇವತ್ತರ ಮನ್ಯಾಗ ಇರ್ರಿ..." ಎಂದು ಹೆಂಡತಿ ಕರೆದದ್ದು ಗೇಟಿನವರೆಗೂ ಕೇಳಿಸಿತು. ಅವರು ತಿರುಗಲಿಲ್ಲ.

ಮೈದಾನದಲ್ಲಿ ಕ್ಲಬ್ ಮ್ಯಾಚ್ ನಡೆಯುತ್ತಿತ್ತು. ಅವರು ಬಂದದ್ದು ಫಕ್ಕೀರೇಶ ಎಂಬ ಎಡಗೈ ಸ್ಪಿನ್ನರ್‌ನನ್ನು ನೋಡಲು. ಶಿರಹಟ್ಟಿ ಕಡೆಯ ಹುಡುಗ. ಈ ವರ್ಷ ವಿಕೆಟ್ಟೇ ಬೀಳದೆ ಅಂಡರ್-23 ತಂಡದಿಂದ ಹೊರಬಿದ್ದಿದ್ದ.

ಆ ದಿನವೂ ಹಾಗೆಯೇ ಆಯಿತು. ಅವನು ಹಾಕಿದ ಚೆಂಡು ಬ್ಯಾಟ್ಸ್‌ಮನ್ ಹೊಡೆದ ಹೊಡೆತಕ್ಕೆ ಕಾಂಪೌಂಡ್ ದಾಟಿ ರಸ್ತೆಗೆ ಹೋಯಿತು.

"ಏ ಫಕ್ಕೀರಾ, ಚೆಂಡು ಬಸ್ ಸ್ಟ್ಯಾಂಡ್ ಕಡೆ ಹೋತು... ನೀನೂ ಹಂಗ ಊರಿಗೆ ಹೋಗಿಬಿಡಲೇ!" ಯಾರೋ ಕೂಗಿದರು. ಎಲ್ಲರೂ ನಕ್ಕರು.

ಪಕ್ಕದ ಮೆಟ್ಟಿಲಲ್ಲಿ ಕೂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾಕ್ರೀ ಅಕ್ಕಾರ?" ಗುರುಸಿದ್ದಪ್ಪನವರು ಕೇಳಿದರು.

"ಅಂವ ನನ್ನ ಮಗ ರೀ... ಅವರಪ್ಪ ಹೇಳಿ ಕಳಿಸ್ಯಾರ. ಆಡಿದ್ದು ಸಾಕು, ಕರ್ಕೊಂಡ ಬಾ ಅಂತ."

ಗುರುಸಿದ್ದಪ್ಪನವರಿಗೆ ತಡೆಯಲಾಗಲಿಲ್ಲ.

"ಕರ್ಕೊಂಡ ಹೋಗಬ್ಯಾಡ್ರಿ! ನಾ ಅವನ್ನ ಸಣ್ಣಾಂವ ಇದ್ದಾಗಿಂದ ನೋಡಾಕತ್ತೀನಿ. ಮೊದಲ ಚೆಂಡು ಹಾಕುವಾಗ ಅವನ ಕಾಲು ಅಡ್ಡ ಬೀಳ್ತಿತ್ತು. ಹಂಗ ಬಿಟ್ಟಿದ್ರ ಸೊಂಟ ಹೋಗ್ತಿತ್ತು. ಈಗ ಕೋಚ್ ಅದನ್ನ ತಿದ್ದ್ಯಾರ. ಹಳೇ ರೂಢಿ ಬಿಟ್ಟೈತಿ, ಹೊಸದು ಇನ್ನೂ ಕೈಗೆ ಹತ್ತಿಲ್ಲ. ಅದಕ್ಕ ಹೊಡಿಸ್ಕೊಳ್ಳಾಕತ್ತಾನ. ಮಂದಿಗೆ ಬರೇ ಸ್ಕೋರ್ ಕಾಣಸ್ತೈತ್ರಿ... ಒಳಗ ಹುಡುಗ ಬೆಳ್ಯಾಕತ್ತಾನ!"

ಆ ತಾಯಿ ಬಹಳ ಹೊತ್ತು ಮಗನ ಕಾಲನ್ನೇ ನೋಡಿದಳು. ಅವಳಿಗೆ ಏನು ಕಾಣಿಸಿತೋ... ಮುಖ ಸ್ವಲ್ಪ ತಿಳಿಯಾಯಿತು.

"ಮಂದಿ ಮಗನ್ನ ಇಷ್ಟ್ ಕಾಳಜೀಲೆ ನೋಡೀರಿ... ನಿಮ್ಮ ಮಕ್ಕಳು ಪುಣ್ಯಾ ಮಾಡ್ಯಾರ ಬಿಡ್ರಿ. ಅವರು ಏನ್ ಮಾಡ್ತಾರ್ರಿ?"

"ಒಬ್ಬಾಕಿ ಮಗಳು... ಸಿ.ಎ. ಓದ್ತಿದ್ಲು. ಫೇಲ್ ಆದ್ಲು."

"ಅಯ್ಯ ಪಾಪ... ಯಾವದ್ರಾಗ್ರಿ?"

ಅವಳು ಕೇಳಿದ್ದು ಅಷ್ಟೇ. ಮರುಕದಿಂದ ಕೇಳಿದ್ದು.



ಗುರುಸಿದ್ದಪ್ಪನವರಿಗೆ ಶಿರಹಟ್ಟಿಯ ಹುಡುಗನ ಕಾಲು ಎಲ್ಲಿ ಬೀಳುತ್ತದೆ ಎಂಬುದು ಗೊತ್ತಿತ್ತು. ಸ್ವಂತ ಮಗಳು ಎಲ್ಲಿ ಎಡವಿದಳು ಎಂಬುದು ಗೊತ್ತಿರಲಿಲ್ಲ.

ಎದ್ದು ಪೆವಿಲಿಯನ್ ಹಿಂದೆ ಹೋಗಿ ಮನೆಗೆ ಫೋನ್ ಮಾಡಿದರು.

"ತೇಜೂ... ನೀ ಫೇಲ್ ಆಗಿದ್ದು ಯಾವದ್ರಾಗವಾ?"



"ಪೇಪರ್ ಎಲ್ಲಾ ಎರಡು ಗ್ರೂಪ್‌ನಾಗ ಇರ್ತಾವ ಅಪ್ಪಾ, ನಾ ಎರಡನೇದ್ರಾಗ ಫೇಲ್. ಹೋದ ಸಲ ಎರಡೂ ಗ್ರೂಪ್ ಹೋಗಿದ್ವು. ಈ ಸಲ ಮೊದಲನೇದು ಪಾಸ್ ಆಗೇತಿ. ಇನ್ನ ಉಳಿದಿದ್ದು ಅದೊಂದ..."

"ಪಾಸ್ ಆಗೇತಿ? ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ ಅಪ್ಪಾ... ನೀವು ಫೋನ್‌ನಾಗ ಯಾರದೋ ಸ್ಕೋರ್ ಕೇಳಾಕತ್ತಿದ್ರಿ. ಫೇಲ್ ಅನ್ನೂದಷ್ಟ ಕೇಳಿಸ್ಕೊಂಡು, ಆತು ಹೋಗು ಅಂದ್ರಿ..."

ಅವಳ ದನಿಯಲ್ಲಿ ದೂರಿರಲಿಲ್ಲ. ಅದೇ ಅವರನ್ನು ಹೆಚ್ಚು ಸುಟ್ಟಿತು. ಗೋಡೆಗೆ ಒರಗಿ ನಿಂತು, ಅಷ್ಟು ದೊಡ್ಡವರು ಮಗುವಿನಂತೆ ಅತ್ತರು.

ಆಮೇಲೆ ಗಂಡಿನ ಮನೆಯವರಿಗೆ ತಾವೇ ಫೋನ್ ಮಾಡಿದರು.

"ತಪ್ಪ ತಿಳ್ಕೊಬ್ಯಾಡ್ರಿ... ಇವತ್ತ ಬರೋದು ಬ್ಯಾಡ್ರಿ. ನಮ್ಮ ಹುಡುಗೀದು ಇನ್ನೂ ಓದು ಐತಿ. ಹೌದ್ರಿ... ನಾನ ಅವಸರ ಮಾಡಿದ್ದೆ. ನಂದ ತಪ್ಪು."

ಅತ್ತ ಕಡೆಯವರು ಏನೇನೋ ಅಂದರು. ಎಲ್ಲವನ್ನೂ ಕೇಳಿಸಿಕೊಂಡರು.

ಮ್ಯಾಚ್ ಇನ್ನೂ ಅರ್ಧವಿತ್ತು. ಅದನ್ನು ಬಿಟ್ಟು ಅವರು ಮನೆಗೆ ಹೊರಟದ್ದು ಅದೇ ಮೊದಲು.

ಸೀರೆ ಉಟ್ಟು ತಲೆತಗ್ಗಿಸಿ ಕೂತಿದ್ದ ಮಗಳ ಎದುರು ನೆಲದ ಮೇಲೆ ಕೂತರು.

"ಗಂಡಿನ ಕಡೆಯವ್ರು ಬರಂಗಿಲ್ಲ ಬಿಡವಾ. ನೀ ಇನ್ನೊಂದ್ ಸಲ ಬರಿ. ನನಗ ಇಷ್ಟು ಹೇಳು... ಯಾವ ಪೇಪರ್ ಕಷ್ಟ ಆಗಾಕತ್ತೈತಿ? ಎಲ್ಲಿ ತಪ್ಪಾಕತ್ತೀ?"

ತೇಜಸ್ವಿನಿ ಅಪ್ಪನ ಮುಖ ನೋಡಿದಳು. ನಿಜವಾಗಿಯೂ ಕೇಳುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಮಾತಾಡತೊಡಗಿದಳು. ತಡವರಿಸುತ್ತ... ಆಮೇಲೆ ನಿಲ್ಲದೆ.

ಗುರುಸಿದ್ದಪ್ಪನವರಿಗೆ ಅದರಲ್ಲಿ ಮುಕ್ಕಾಲು ಪಾಲು ಅರ್ಥವಾಗಲಿಲ್ಲ. ಆದರೂ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ.

ಮಕ್ಕಳ ಫಲಿತಾಂಶ ನೋಡಲು ಊರೆಲ್ಲ ಬರುತ್ತದೆ... ಅವರ ಅಭ್ಯಾಸ ನೋಡಲು ಮನೆಯವರೇ ಬರಬೇಕು.

ನಿಮ್ಮ ಮನೆಯಲ್ಲಿ ಓದುತ್ತಿರುವ ಮಗುವಿಗೆ ಈಗ ಯಾವ ಪಾಠ ಕಷ್ಟವಾಗುತ್ತಿದೆ... ನಿಮಗೆ ಗೊತ್ತೇ?